ಕಾಫಿಗೆ ನೀರಿಡುವಷ್ಟು ಹೊತ್ತು

ಗುಜರಿಯವನು ಅಪ್ಪನ ಕಂಪ್ಯೂಟರಿಗೆ 300 ರೂಪಾಯಿ ಹೇಳಿದ. ಅಮ್ಮ 500 ಎಂದಳು. ಅವನು ಡಬ್ಬವನ್ನು ಒಂದೇ ಕೈಯಲ್ಲಿ ಎತ್ತಿ, ಹಲಸಿನಹಣ್ಣು ಬಲಿತಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಬೆರಳಿನಿಂದ ತಟ್ಟಿ, ‘ಇದರಲ್ಲಿ ತೂಕವೇ ಇಲ್ಲಮ್ಮಾ. ಹಳೇ ಡಬ್ಬದ ಟೀವಿಯಾದರೆ ಮಾತು ಬೇರೆ’ ಎಂದ. ಹದಿನಾರು ವರ್ಷ ನಡುಮನೆಯ ಮೂಲೆಯಲ್ಲಿ ಕ್ರೋಶಾ ಹಾಕಿದ ಬಟ್ಟೆ ಹೊದ್ದು ಕೂತಿದ್ದ ವಸ್ತುವಿಗೆ ತೂಕವಿಲ್ಲ ಅಂದದ್ದು ಅಮ್ಮನಿಗೆ ತಡೆಯಲಿಲ್ಲ. ‘ಕೊಡಲ್ಲ ಹೋಗು’ ಎಂದು ಬಾಗಿಲು ಹಾಕಿಕೊಂಡವಳೇ ಸಾಗರದಿಂದ ಬೆಂಗಳೂರಿಗೆ ಫೋನ್ ಹಚ್ಚಿದಳು. ‘ಬಂದು ಇದಕ್ಕೊಂದು ಗತಿ ಕಾಣಿಸು. ಒಂದೋ ಓಡಬೇಕು, ಇಲ್ಲ ಹೋಗಬೇಕು.’

ಇದೇ ಮಾತನ್ನು ಅವಳು ಹಿಂದೆ ನನ್ನ ಸ್ಕೂಟರಿನ ಬಗ್ಗೆ ಹೇಳಿದ್ದಳು. ಪಿಯುಸಿ ಫಲಿತಾಂಶದ ದಿನ ನನ್ನ ಬಗ್ಗೆಯೂ ಹೇಳಿದ್ದಳು.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. 2008ರಲ್ಲಿ ನಿವೃತ್ತರಾದರು. ಬಂದ ದುಡ್ಡಿನಲ್ಲಿ ದೀಪಾವಳಿಗೆ ಈ ಕಂಪ್ಯೂಟರ್ ತಂದರು. ಒಂದು ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ‘160 ಜಿಬಿ ತುಂಬಿಸುವಷ್ಟು ನಮ್ಮ ಹತ್ತಿರ ಏನಿದೆ?’ ಎಂದು ಅಮ್ಮ ಕೇಳಿದ್ದಳು. ಉಗ್ರಾಣ ದೊಡ್ಡದಾಯಿತು, ಭತ್ತ ಎಲ್ಲಿದೆ ಎಂಬ ಧಾಟಿಯಲ್ಲಿ. ಪ್ರತಿ ಆಯುಧಪೂಜೆಗೆ ಅದಕ್ಕೆ ಕುಂಕುಮ ಬಿತ್ತು, ಚೆಂಡುಹೂವು ಬಿತ್ತು. ಒಂದು ವರ್ಷ ತೀರ್ಥವೂ ಬಿದ್ದು ಕೀಲಿಮಣೆ ಬದಲಾಯಿಸಬೇಕಾಯಿತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಕಂಪನಿಯ ಪೋಷಣೆ ನಿಂತಾಗ ನಾನು ಗಾಬರಿಯಿಂದ ಫೋನ್ ಮಾಡಿ, ‘ಇನ್ನು ಅದನ್ನು ಬಳಸಬೇಡಿ’ ಎಂದೆ. ಅಪ್ಪ ಶಾಂತವಾಗಿ, ‘ನಾನೂ ನಿವೃತ್ತನೇ. ಆದರೂ ಬೆಳಿಗ್ಗೆ ಏಳುತ್ತಿಲ್ಲವೇ?’ ಎಂದರು. ಬರಬರುತ್ತ ಅದು ಏಳುವುದೂ ನಿಧಾನವಾಯಿತು. ಅಪ್ಪ ಗುಂಡಿ ಒತ್ತಿ, ಹಿತ್ತಲಿಗೆ ಹೋಗಿ, ಪೂಜೆಗೆ ಹೂ ಕೊಯ್ದುಕೊಂಡು ಬರುವಷ್ಟರಲ್ಲಿ ಮಿಟುಕಿಸುವ ಮಟ್ಟಕ್ಕೆ ಬಂದಿರುತ್ತಿತ್ತು. 2022ರಲ್ಲಿ ಅಪ್ಪ ಹೋದರು. ಆಮೇಲೆ ಅದರ ಮೇಲಿನ ಬಟ್ಟೆ ಯಾರೂ ಸರಿಸಲಿಲ್ಲ.

ಜೂನ್ ತಿಂಗಳಲ್ಲಿ ಊರಿಗೆ ಹೋದೆ. ಮಲೆನಾಡಿನ ಮಳೆಯಲ್ಲಿ ಮನೆಯೊಳಗೆ ಕೂತು ಮಾಡಬಹುದಾದ ಕೆಲಸಗಳು ಎರಡೇ: ಹಪ್ಪಳ ಸುಟ್ಟು ತಿನ್ನುವುದು, ಇಲ್ಲವೇ ಏನನ್ನಾದರೂ ಬಿಚ್ಚುವುದು. ನಾನು ಎರಡನ್ನೂ ಒಟ್ಟಿಗೆ ಶುರುಮಾಡಿದೆ. ಡಬ್ಬ ಬಿಚ್ಚಿದರೆ ಒಳಗೊಂದು ಸಂಸಾರವೇ ಇತ್ತು. ಪ್ರೊಸೆಸರ್ ಮೇಲಿನ ಫ್ಯಾನಿಗೆ ಕಂಬಳಿಯಷ್ಟು ದಪ್ಪ ಧೂಳು, ಮೂಲೆಯಲ್ಲಿ ಮರಿ ಹೊರಬಿದ್ದು ಹೋದ ಎರಡು ಹಲ್ಲಿಮೊಟ್ಟೆ, ಅಪ್ಪನ ಪೆನ್ನಿನದೊಂದು ಕ್ಯಾಪು. ಕ್ಯಾಪು ಒಳಗೆ ಹೇಗೆ ಹೋಯಿತೆಂದು ಅಮ್ಮನೂ ನಾನೂ ಅರ್ಧ ಗಂಟೆ ಚರ್ಚಿಸಿದೆವು. ಬಗೆಹರಿಯಲಿಲ್ಲ.

ಗುಂಡಿ ಒತ್ತಿದೆ. ಬೀಪ್, ಬೀಪ್, ಬೀಪ್. ರ‍್ಯಾಮ್ ಕಾಣುತ್ತಿಲ್ಲ ಎಂದು ಯಂತ್ರ ಅಳುವ ರೀತಿ ಅದು. ಇದಕ್ಕೆ ನಮ್ಮ ದೇಶದ ಎಲ್ಲ ರಿಪೇರಿ ಅಂಗಡಿಗಳೂ ಬಲ್ಲ ಒಂದು ಮನೆಮದ್ದಿದೆ. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕುವುದು. ಅಪ್ಪನ ಮೇಜಿನ ಡ್ರಾಯರಿನಲ್ಲಿ ರಬ್ಬರ್ ಸಿಕ್ಕಿತು. ಎಷ್ಟು ಮಕ್ಕಳ ತಪ್ಪು ಲೆಕ್ಕ ಅಳಿಸಿದ ರಬ್ಬರೋ, ಇದನ್ನೂ ಅಳಿಸಿತು. ಪರದೆ ಬೆಳಗಿತು.

ಬೆಳಗಿದ ಪರದೆ ಹೇಳಿದ ದಿನಾಂಕ: 2008, ಜನವರಿ 1, ಮಧ್ಯರಾತ್ರಿ.

ಮದರ್‌ಬೋರ್ಡಿನ ಮೇಲೆ ಎಂಟಾಣೆಯಷ್ಟಗಲದ ಒಂದು ಬ್ಯಾಟರಿ ಇರುತ್ತದೆ. ಮನೆಯಲ್ಲಿ ಕರೆಂಟಿಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತರೆ ಯಂತ್ರ ತನ್ನ ಹುಟ್ಟಿನ ಕಾಲಕ್ಕೆ ಮರಳುತ್ತದೆ. ಅದರ ಲೆಕ್ಕದಲ್ಲಿ ದೀಪಾವಳಿ ಇನ್ನೂ ಹತ್ತು ತಿಂಗಳಾಚೆ. ಅದನ್ನು ಇನ್ನೂ ಯಾರೂ ಕೊಂಡಿಲ್ಲ. ಅಪ್ಪ ನಿವೃತ್ತರಾಗಿಲ್ಲ, ನಾಳೆ ಹತ್ತನೇ ತರಗತಿಗೆ ತ್ರಿಕೋನಮಿತಿ ಇದೆ. ನನ್ನ ಕೂದಲು ನನ್ನ ತಲೆಯ ಮೇಲೇ ಇದೆ.

ಪೇಟೆಗೆ ಹೋಗಿ ಹೊಸ ಬ್ಯಾಟರಿ ತಂದು ಕೂರಿಸಿದೆ. ಇನ್ನು ದಿನಾಂಕ ಸರಿಮಾಡಬೇಕು. ಅದು ತಪ್ಪಿದ್ದರೆ ಬ್ರೌಸರ್ ಯಾವ ಜಾಲತಾಣವನ್ನೂ ನಂಬುವುದಿಲ್ಲ. ಅದರ ದೃಷ್ಟಿಯಲ್ಲಿ ಅವುಗಳ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಯೇ ಇಲ್ಲ. ಯಂತ್ರದ ಹೊಂದಾಣಿಕೆಗಳ ನೀಲಿ ಪರದೆಯಲ್ಲಿ ಇಸವಿ ಬದಲಿಸಲು ಕೂಡುವ ಚಿಹ್ನೆಯ ಗುಂಡಿ ಒತ್ತಬೇಕು, ಒಂದು ಒತ್ತಿಗೆ ಒಂದು ವರ್ಷ. 2009, ನನಗೆ ಕೆಲಸ ಸಿಕ್ಕಿತು. 2011, ತಂಗಿಯ ಮದುವೆ. 2016, ನೋಟು ಬದಲಿಸಲು ಅಪ್ಪ ಸರದಿಯಲ್ಲಿ ನಿಂತು ಮುಂದಿದ್ದವರಿಗೆ ಚಕ್ರಬಡ್ಡಿ ಹೇಳಿಕೊಟ್ಟರು. 2020, ಎಲ್ಲರೂ ಮನೆಯಲ್ಲಿ. 2022ಕ್ಕೆ ಬಂದಾಗ ಬೆರಳು ನಿಂತಿತು. ಯಂತ್ರಕ್ಕೇನೂ ಅವಸರವಿರಲಿಲ್ಲ. ಹಪ್ಪಳ ತಣ್ಣಗಾಗಿತ್ತು. ಇನ್ನೆರಡು ಸಲ ಒತ್ತಿದೆ.

ಪೋಷಣೆ ನಿಂತ ಎಕ್ಸ್‌ಪಿಯ ಬದಲು ಯಾವುದಾದರೂ ಹಗುರವಾದ ಲಿನಕ್ಸ್ ಹಾಕುವುದೆಂದು ತೀರ್ಮಾನಿಸಿದೆ. ಲಿನಕ್ಸ್ ಪ್ರಪಂಚದಲ್ಲಿ ‘ಹಗುರ’ ಎನ್ನುವುದು ಬೈಗುಳವಲ್ಲ, ಬಿರುದು. ಗುಜರಿಯವನು ಯಾವುದನ್ನು ತೂಕವಿಲ್ಲ ಎಂದು ತಿರಸ್ಕರಿಸುತ್ತಾನೋ ಅದನ್ನೇ ಇಲ್ಲಿಯವರು ಹುಡುಕುತ್ತಾರೆ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ, ತಾನು ಹವ್ಯಾಸಕ್ಕೆಂದು ಒಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿದ್ದೇನೆ ಎಂದು ಪ್ರಕಟಿಸಿದ್ದು ಎಲ್ಲರಿಗೂ ಗೊತ್ತು. ಆ ಹವ್ಯಾಸ ಮುಂದೆ ಇಷ್ಟು ಪ್ರಾಣಿಪಕ್ಷಿಗಳನ್ನು ಸಾಕೀತೆಂದು ಅವನಿಗೂ ಅನ್ನಿಸಿರಲಾರದು. ಅದರ ಲಾಂಛನವೇ ಹೊಟ್ಟೆತುಂಬ ಉಂಡು ಕೂತ ಪೆಂಗ್ವಿನ್. ಮಿಕ್ಕವು ಒಂದೊಂದಾಗಿ ನಮ್ಮ ಮನೆಗೆ ಬಂದವು.

ಮೊದಲು ಬಂದದ್ದು ನಾಯಿಮರಿ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಹುಟ್ಟುಹಾಕಿದ ‘ಪಪ್ಪಿ ಲಿನಕ್ಸ್’. ಕೆಲವೇ ನೂರು ಎಂಬಿಯ ಗಾತ್ರ. ಪೆನ್‌ಡ್ರೈವಿನಿಂದ ಎದ್ದು ಇಡಿಯಾಗಿ ರ‍್ಯಾಮಿನಲ್ಲೇ ಮನೆ ಮಾಡುತ್ತದೆ, ಹಾರ್ಡ್ ಡಿಸ್ಕನ್ನು ಮೂಸಿಯೂ ನೋಡುವುದಿಲ್ಲ. ಅಪ್ಪನ ಕಡತಗಳಿದ್ದ ಡಿಸ್ಕಿಗೆ ಏನೂ ಆಗಬಾರದೆಂದು ಇದರಿಂದಲೇ ಶುರುಮಾಡಿದ್ದೆ. ಹಳೆಯ ಪಪ್ಪಿಗಳಿಗೆ ಒಂದು ಅಭ್ಯಾಸವಿತ್ತು, ಎದ್ದ ಕೂಡಲೇ ಬೊಗಳುವುದು. ನನಗದು ಮರೆತುಹೋಗಿತ್ತು. ಅಪ್ಪನ ಸ್ಪೀಕರಿನ ಧ್ವನಿ ಪೂರ್ತಿ ಏರಿಸಿಯೇ ಇತ್ತು, ಕೊನೆಕೊನೆಗೆ ಅವರಿಗೆ ಕಿವಿ ಮಂದವಾಗಿತ್ತು. ಎರಡು ಬೊಗಳು ಇಡೀ ಮನೆಗೆ ಕೇಳಿಸಿದವು. ಅಮ್ಮ ಒಳಗಿನಿಂದ ಬಚ್ಚಲ ಕೋಲು ಹಿಡಿದು ಬಂದಳು. ನಾಯಿ ಎಲ್ಲೂ ಕಾಣದೆ, ಕೋಲು ಯಾರ ಮೇಲೆ ಪ್ರಯೋಗಿಸಬೇಕೆಂದು ತಿಳಿಯದೆ ನನ್ನನ್ನೇ ನೋಡಿದಳು.

‘ಇದು ಕಂಪ್ಯೂಟರಿನೊಳಗಿನ ನಾಯಿ’ ಎಂದೆ.

‘ಎಲ್ಲಿಯದಾದರೂ ಸರಿ, ನಡುಮನೆಗೆ ನಾಯಿ ಬೇಡ’ ಎಂದಳು.

ನಿಜ ಹೇಳಬೇಕೆಂದರೆ ನಾಯಿಮರಿ ಚುರುಕಾಗಿತ್ತು. ಆದರೆ ನಾನು ತಂದ ಆವೃತ್ತಿಯಲ್ಲಿ ಕನ್ನಡದ ಅಕ್ಷರಶೈಲಿ ಇರಲಿಲ್ಲ. ಕನ್ನಡ ಬರಬೇಕಾದಲ್ಲೆಲ್ಲ ಚೌಕುಳಿ ಲುಂಗಿ ಒಣಹಾಕಿದ ಹಾಗೆ ಬರೀ ಚೌಕಗಳು. ಹೊರಗಿನಿಂದ ತಂದು ಸೇರಿಸಬಹುದಿತ್ತು. ಆದರೆ ಗೃಹಮಂತ್ರಿಯ ಆಜ್ಞೆ ಮೀರುವ ಧೈರ್ಯ ಬರಲಿಲ್ಲ.

ಬೆಂಗಳೂರಿಗೆ ಮರಳಿದವನು ಸಾದರ ಪತ್ರಪ್ಪ ರಸ್ತೆಗೆ ಹೋದೆ. ಎಸ್.ಪಿ. ರೋಡ್ ಎಂದರೆ ಎಲೆಕ್ಟ್ರಾನಿಕ್ಸಿನವರಿಗೆ ಕಾಶಿ ಇದ್ದ ಹಾಗೆ, ಹುಟ್ಟಿದ್ದೂ ಸತ್ತದ್ದೂ ಅಲ್ಲಿಗೇ ಬರುತ್ತದೆ. ‘ಡಿಡಿಆರ್ ಟೂ ರ‍್ಯಾಮ್ ಇದೆಯಾ?’ ಎಂದು ಕೇಳಿದರೆ ಮೊದಲ ಮೂರು ಅಂಗಡಿಯವರು ಸೀಮೆಎಣ್ಣೆ ಕೇಳಿದವನನ್ನು ನೋಡುವಂತೆ ನೋಡಿದರು. ಡಿಡಿಆರ್ ಮೂರು ಕೊಂಡು ಹೊಂದಿಸಿಕೊಳ್ಳಲು ಬರುವುದಿಲ್ಲ. ಅದರ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಕೂರುವುದೇ ಇಲ್ಲ. ನಾಲ್ಕನೆಯವರು ಬೀಡಿ ಕಟ್ಟಿನ ಹಾಗೆ ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ರ‍್ಯಾಮುಗಳ ಕಟ್ಟು ಬಿಚ್ಚಿ, ಒಂದು ಜಿಬಿಯದೊಂದನ್ನು ಎಳೆದುಕೊಟ್ಟರು. ಎರಡು ಮಸಾಲೆದೋಸೆಯ ಬೆಲೆ. ಜೊತೆಗೆ ಒಂದು ಚಿಕ್ಕ ಎಸ್‌ಎಸ್‌ಡಿ ಕೊಂಡೆ. ಮುಂದೆ ನಡೆಯುವ ಪವಾಡದಲ್ಲಿ ಅರ್ಧ ಪಾಲು ಈ ಎಸ್‌ಎಸ್‌ಡಿಯದು ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಲಿನಕ್ಸ್ ಭಕ್ತರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಅಪ್ಪನ 160 ಜಿಬಿಯ ಡಿಸ್ಕನ್ನು ಬಿಚ್ಚಿ, ಒಗೆದ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಡುವುದು ಎಂದು ತೀರ್ಮಾನಿಸಿದೆ. ಅದನ್ನು ಯಾವ ಪ್ರಾಣಿಗೂ ಒಪ್ಪಿಸುವ ಮನಸ್ಸಿರಲಿಲ್ಲ.

ಎರಡನೆಯ ಸಲ ಊರಿಗೆ ಹೋದಾಗ ಜೇಬಿನಲ್ಲಿ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಇತ್ತು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ಯುವಕ, ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಹೊಸೆದು ಇಟ್ಟ ಹೆಸರು ಅದು. ‘ನಮ್ಮ ಕಡೆ ಮನೆಗೆ ಇಡುತ್ತಾರೆ, ಅವರು ಕಂಪ್ಯೂಟರಿಗೆ ಇಟ್ಟರು’ ಎಂದಳು ಅಮ್ಮ. ಡೆಬಿಯನ್ನಿನ ಪ್ರತಿ ಆವೃತ್ತಿಗೂ ‘ಟಾಯ್ ಸ್ಟೋರಿ’ ಚಲನಚಿತ್ರಗಳ ಒಂದು ಪಾತ್ರದ ಹೆಸರು. ನಾನು ತಂದದ್ದು ಹನ್ನೆರಡನೆಯದು, 2023ರ ಜೂನಿನಲ್ಲಿ ಬಂದದ್ದು. ಹೆಸರು ‘ಬುಕ್‌ವರ್ಮ್’, ಪುಸ್ತಕದ ಹುಳು. ಮೇಷ್ಟ್ರ ಮನೆಗೆ ಇದಕ್ಕಿಂತ ತಕ್ಕ ಪ್ರಾಣಿ ಯಾವುದು? ಸ್ಥಾಪನೆಯ ಮೊದಲ ಪುಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಯಾರೋ ಸಂಬಳವಿಲ್ಲದೆ ಕೂತು ಮಾಡಿದ ಅನುವಾದ. ಇಂಟರ್ನೆಟ್ಟಿಗೆ ನನ್ನ ಮೊಬೈಲನ್ನೇ ತಂತಿಯಿಂದ ಕಟ್ಟಿದೆ. ಎತ್ತು ಎಳೆಯಬೇಕಾದ ಗಾಡಿಯನ್ನು ಕರು ಎಳೆದಂತೆ ಎಳೆಯಿತು, ಆದರೂ ಎಳೆಯಿತು.

ಮೇಜಿನ ಅಲಂಕಾರಕ್ಕೆ, ಅಂದರೆ ಡೆಸ್ಕ್‌ಟಾಪಿಗೆ, ಆರಿಸಿದ್ದು ಎಕ್ಸ್‌ಎಫ್‌ಸಿಇ. ಫ್ರಾನ್ಸಿನ ಒಲಿವಿಯೆ ಫೂರ್ದಾನ್ 1996ರಲ್ಲಿ ಶುರುಮಾಡಿದ್ದು. ಅದರ ಲಾಂಛನ ಇಲಿ. ಗಣೇಶನನ್ನು ಹೊತ್ತ ಪ್ರಾಣಿ ನಮ್ಮ ಎರಡು ಜಿಬಿಯನ್ನು ಹೊರಲಾರದೇ? ಅಮ್ಮನೂ ತಕರಾರು ತೆಗೆಯಲಿಲ್ಲ. ಇಲಿ ಹೇಗೂ ಅಟ್ಟದ ಮೇಲೆ ಇದ್ದೇ ಇದೆ, ಇನ್ನೊಂದು ಬಂದರೆ ಬರಲಿ ಎಂದಳು.

ಎಲ್ಲ ಮುಗಿದ ಮೇಲೆ ಒಂದು ತಂತ್ರಾಂಶ ಹಾಕಿಕೊಳ್ಳಲು ಹೋದೆ. ಯಂತ್ರ, ‘ನಿಮ್ಮ ಹೆಸರು ಸುಡೋ ಪಟ್ಟಿಯಲ್ಲಿಲ್ಲ’ ಎಂದಿತು. ಸುಡೋ ಎಂದರೆ ಯಜಮಾನನ ಪರವಾಗಿ ಆಜ್ಞೆ ಮಾಡುವ ಅಧಿಕಾರ. ಡೆಬಿಯನ್ನಿನಲ್ಲಿ ಸ್ಥಾಪನೆಯ ವೇಳೆ ರೂಟ್ ಎಂಬ ಯಜಮಾನನಿಗೆ ಬೇರೆ ಗುಪ್ತಪದ ಕೊಟ್ಟರೆ, ಸಾಮಾನ್ಯ ಬಳಕೆದಾರನಿಗೆ ಆ ಅಧಿಕಾರ ತಾನಾಗಿ ಸಿಗುವುದಿಲ್ಲ. ನಾನು ಹುಟ್ಟಿದ ಮನೆ, ನಾನು ತಿಕ್ಕಿದ ರ‍್ಯಾಮ್, ಪಟ್ಟಿಯಲ್ಲಿ ನನ್ನ ಹೆಸರಿಲ್ಲ! ಹಿಂದಿನ ಆವೃತ್ತಿಗಳಲ್ಲಿ ‘ಈ ಘಟನೆಯನ್ನು ವರದಿ ಮಾಡಲಾಗುವುದು’ ಎಂಬ ಬಾಲವೂ ಇರುತ್ತಿತ್ತು. ವರದಿ ಯಾರಿಗೆ? ರೂಟಿಗೆ. ರೂಟ್ ಯಾರು? ನಾನೇ. ನನ್ನ ಮೇಲಿನ ದೂರನ್ನು ನಾನೇ ಸ್ವೀಕರಿಸಿ, ವಿಚಾರಣೆ ನಡೆಸಿ, ಎಚ್ಚರಿಕೆ ಕೊಟ್ಟು, ಪಟ್ಟಿಗೆ ಸೇರಿಸಿಕೊಂಡೆ.

ಆಮೇಲೆ ಹಗುರ ಮಾಡುವ ಕೆಲಸ. ಕಿಟಕಿಗಳ ಅಂಚಿಗೆ ನೆರಳು ಬೀಳುವುದನ್ನು ತೆಗೆದೆ, ಪಾರದರ್ಶಕ ಥಳುಕು ತೆಗೆದೆ, ಎದ್ದ ಕೂಡಲೇ ಕರೆಯದೆ ಬರುವ ಸೇವಕರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸಿದೆ. ಸುಮ್ಮನೆ ಕೂತಾಗ ಅದು ಅರ್ಧ ಜಿಬಿಯನ್ನೂ ತಿನ್ನುತ್ತಿರಲಿಲ್ಲ. ರ‍್ಯಾಮ್ ತುಂಬಿದರೆ ಇರಲಿ ಎಂದು ಡಿಸ್ಕಿನಲ್ಲಿ ಎರಡು ಜಿಬಿ ಸ್ವಾಪ್ ಬಿಟ್ಟೆ. ರ‍್ಯಾಮ್ ಅಡುಗೆಮನೆಯ ಕಟ್ಟೆಯಾದರೆ ಸ್ವಾಪ್ ಅಟ್ಟ. ಕಟ್ಟೆಯಲ್ಲಿ ಹಿಡಿಸದ್ದನ್ನು ಅಟ್ಟಕ್ಕೇರಿಸಬಹುದು, ಆದರೆ ಸಾಸಿವೆ ಸಿಡಿಯುವ ಹೊತ್ತಿಗೆ ಏಣಿ ಹತ್ತಿ ಕರಿಬೇವು ತರುವಂತಾಗಬಾರದು. ಬ್ರೌಸರಿನಲ್ಲಿ ಮಾತ್ರ ಎರಡು ಪುಟ ದಾಟಿದರೆ ಯಂತ್ರಕ್ಕೆ ಏದುಸಿರು. ಅಮ್ಮನ ಮಂಡಿಗೆ ಡಾಕ್ಟರು ಹೇಳಿದ್ದೂ ಇದೇ ಅಲ್ಲವೇ? ಎಷ್ಟು ಬೇಕಾದರೂ ನಡೆಯಿರಿ, ಮೆಟ್ಟಿಲು ಮಾತ್ರ ಬೇಡ. ಹಳೆಯದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾದರೆ ಅದರಿಂದ ಏನೇನು ಕೇಳಬಾರದು ಎಂಬುದನ್ನು ಮೊದಲು ಕಲಿಯಬೇಕು. ಅಪ್ಪ ಇದ್ದಾಗ ನಾನಿದನ್ನು ಕಲಿತಿರಲಿಲ್ಲ. ಫೋನಿನಲ್ಲಿ, ‘ವಿಡಿಯೋ ಕಾಲ್ ಮಾಡಿ, ಅದನ್ನು ಒತ್ತಿ, ಅದಲ್ಲ, ಪಕ್ಕದ್ದು’ ಎಂದು ಕೂಗಿ ಅವರಿಂದ ಮೆಟ್ಟಿಲು ಹತ್ತಿಸುತ್ತಲೇ ಇದ್ದೆ.

ಕೀಲಿಮಣೆಯ ಪಟ್ಟಿ ತೆರೆದಾಗ ಕನ್ನಡದ ಕೆಳಗೆ ‘ಕಗಪ’ ಎಂಬ ಆಯ್ಕೆ ಕಂಡಿತು. ಕನ್ನಡ ಗಣಕ ಪರಿಷತ್ತಿನ ಹ್ರಸ್ವರೂಪ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಅಪ್ಪ ಎರಡೇ ಬೆರಳಿನಲ್ಲಿ ಕಲಿತ ಅದೇ ವಿನ್ಯಾಸ, ಜಗತ್ತಿನ ಯಾವ ಮೂಲೆಯ ಲಿನಕ್ಸಿನಲ್ಲೂ ಕೂತಿದೆ. ಅದರಲ್ಲಿ ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಒತ್ತಬೇಕು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಕನ್ನಡ, ಎಲ್ಲಕ್ಕೂ ಎಫ್ ಬೇಕು. ಕೀಲಿಮಣೆ ನೋಡಿದೆ. ಬೇರೆಲ್ಲ ಗುಂಡಿಗಳ ಅಕ್ಷರ ಮಾಸಿದ್ದರೂ ಓದಬಹುದಿತ್ತು. ಎಫ್ ಪೂರ್ತಿ ಬೋಳಾಗಿತ್ತು. ಒತ್ತು ಕೊಟ್ಟೂ ಕೊಟ್ಟೂ.

ಕನ್ನಡದ ಅಕ್ಷರಶೈಲಿಗಳನ್ನೂ ಹಾಕಿದೆ. ಡೆಬಿಯನ್ ಭಂಡಾರದಲ್ಲಿ ಅರವಿಂದ ವಿ.ಕೆ. ಅವರು ರೂಪಿಸಿದ ಎರಡಿವೆ. ಒಂದರ ಹೆಸರು ‘ಗುಬ್ಬಿ’. ಇನ್ನೊಂದು ಕೈಬರಹದಂಥದ್ದು, ಹೆಸರು ‘ನವಿಲು’. ಪೆಂಗ್ವಿನ್, ಹುಳು, ಇಲಿ, ಗುಬ್ಬಿ, ನವಿಲು. ಪಂಚತಂತ್ರಕ್ಕೆ ಬೇಕಾದಷ್ಟು ಪಾತ್ರಗಳು ಸೇರಿದವು.

ಆಮೇಲೆ ಪಂಚೆ ಬಿಚ್ಚಿ ಅಪ್ಪನ ಡಿಸ್ಕನ್ನು ಪಕ್ಕದಲ್ಲಿ ಜೋಡಿಸಿ ಮೊದಲ ಕಡತ ತೆರೆದೆ. ಗುಬ್ಬಿಯೂ ಇಲ್ಲ, ನವಿಲೂ ಇಲ್ಲ. ಇಂಗ್ಲಿಷಿನ ಅಕ್ಷರಗಳು ಟೋಪಿ ಪೇಟ ಧರಿಸಿ ಸಂತೆಗೆ ನಿಂತಿದ್ದವು. ಆ ಕಾಲದ ನುಡಿಯಲ್ಲಿ ಕನ್ನಡಕ್ಕೆ ಸ್ವಂತ ಜಾಗವಿರಲಿಲ್ಲ, ಪರದೇಶದ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇತ್ತು. ಫಾಂಟ್ ಎಂಬ ವೇಷ ಹಾಕಿದಾಗಷ್ಟೇ ಕನ್ನಡ. ವೇಷ ಕಳಚಿದರೆ ‘ಕನ್ನಡ’ ಎಂಬ ಪದದಲ್ಲಿ ನಕಾರದ ಜಾಗದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ, ಅದರ ಒತ್ತಿನ ಜಾಗದಲ್ಲಿ ಜರ್ಮನ್ನರ ಜೋಡಿ ಎಸ್ಸು, ತಲೆಕಟ್ಟು ಬರಬೇಕಾದಲ್ಲೆಲ್ಲ ತಲೆಯ ಮೇಲೆ ಓರೆಗೆರೆ ಎಳೆದುಕೊಂಡ ಒಂದು ಎ. ಇಡೀ ಪುಟದಲ್ಲಿ ಓದಲು ಬರುತ್ತಿದ್ದದ್ದು ಅಂಕಿಗಳು ಮಾತ್ರ. ಅವುಗಳಿಗೆ ವೇಷ ಬೇಕಿರಲಿಲ್ಲ. ಗಣಿತದ ಮೇಷ್ಟ್ರ ಮಾತೆಲ್ಲ ಅಳಿದು ಲೆಕ್ಕ ಉಳಿದಿತ್ತು. ಒಂದು ಕಡತದಲ್ಲಿ 1ರಿಂದ 6ರವರೆಗೆ ಕ್ರಮಸಂಖ್ಯೆ ಇತ್ತು, ಯಾವುದೋ ಪ್ರಮೇಯದ ಸಾಧನೆ ಇರಬೇಕೆಂದುಕೊಂಡೆ.

ಇಂಥದ್ದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರು ಬರೆದಿಟ್ಟಿದ್ದಾರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸೈಟು ಇದೆ, ‘ಕ’ ಅಕ್ಷರದ ಮನೆ ಸಂಖ್ಯೆ 3221. ಪರಿವರ್ತಕಕ್ಕೆ ಹೆಚ್ಚು ತಲೆನೋವು ಕೊಡುವುದು ಅರ್ಕಾವತ್ತು. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದೆ, ಹೇಳುವಾಗ ರಕಾರ ಮೊದಲು. ಹಳೆಯ ನುಡಿ ಕಣ್ಣನ್ನು ನಂಬಿತ್ತು, ಯೂನಿಕೋಡ್ ಕಿವಿಯನ್ನು ನಂಬುತ್ತದೆ. ಪರಿವರ್ತಕ ಪ್ರತಿಯೊಂದು ಅರ್ಕಾವತ್ತನ್ನೂ ಕಿತ್ತು ಮುಂದಕ್ಕೆ ನೆಡಬೇಕು, ಅಗೆ ನಾಟಿ ಮಾಡಿದ ಹಾಗೆ. ಕಾಲು ಗಂಟೆಯಲ್ಲಿ ಪುಟದ ಮೇಲೆ ಅಪ್ಪ ಮಾತನಾಡತೊಡಗಿದರು.

ಮಹಾಕಾವ್ಯವೇನೂ ಇರಲಿಲ್ಲ. ತಂಗಿಯ ಮದುವೆಯ ಮುಯ್ಯಿ ಪಟ್ಟಿ ಇತ್ತು. ಅಮ್ಮ ತಕ್ಷಣ ಕುರ್ಚಿ ಎಳೆದುಕೊಂಡು ಕೂತಳು, ಮುಂದಿನ ವಾರ ಒಂದು ಮದುವೆಗೆ ಹೋಗುವುದಿತ್ತು. ‘ಅವರ ಹೆಸರು ಹುಡುಕು... 101! ಅಷ್ಟು ದೊಡ್ಡ ತೋಟ ಇಟ್ಟುಕೊಂಡು!’ ಪತ್ರಿಕೆಯೊಂದರ ಪದಬಂಧದಲ್ಲಿನ ತಪ್ಪು ತೋರಿಸಿ ಸಂಪಾದಕರಿಗೆ ಬರೆದ ಮೂರು ಪತ್ರಗಳಿದ್ದವು, ಒಂದಕ್ಕಿಂತ ಒಂದು ವಿನಯ ಕಡಿಮೆಯಾಗುತ್ತ ಹೋದವು. ಪ್ರತಿ ಮಳೆಗಾಲದ ಮಳೆ ಲೆಕ್ಕ ಇತ್ತು. ‘ಜೂನ್ 14: 3 ಇಂಚು. ಜೂನ್ 15: 5 ಇಂಚು. ಜೂನ್ 16: ಕರೆಂಟ್ ಇರಲಿಲ್ಲ, ಇಂದು 17ನೇ ತಾರೀಕು ಬರೆದಿದೆ, ಕ್ಷಮೆ ಇರಲಿ.’ ಯಾರ ಕ್ಷಮೆ ಕೇಳಿದರೋ. ನನ್ನ ಹುಟ್ಟುಹಬ್ಬಕ್ಕೆ ಬರೆದ ಒಂದು ಸಾಲಿನಲ್ಲಿ ‘ಶುಭಾಷಯ’ ಎಂದಿತ್ತು. ಪರಿವರ್ತಕ ತಪ್ಪು ಮಾಡಿತೆಂದು ತಿದ್ದಲು ಹೋದೆ. ‘ಅದು ಯಂತ್ರದ ತಪ್ಪಲ್ಲ, ನಿಮ್ಮಪ್ಪನದೇ. ನಲವತ್ತು ವರ್ಷ ಹಾಗೇ ಬರೆದರು. ಕನ್ನಡ ಮೇಷ್ಟ್ರು ಹೇಳಿದರೂ ಕೇಳಲಿಲ್ಲ’ ಎಂದಳು ಅಮ್ಮ. ತಿದ್ದಲಿಲ್ಲ.

ಕೊನೆಗೆ ಆ 1ರಿಂದ 6ರ ಕಡತ. ಅದು ಪ್ರಮೇಯವಾಗಿರಲಿಲ್ಲ. ಕಂಪ್ಯೂಟರ್ ಹಚ್ಚುವ ಕ್ರಮ, ಅಮ್ಮನಿಗಾಗಿ ಬರೆದದ್ದು.

‘1. ಮೊದಲು ಗೋಡೆಯ ಸ್ವಿಚ್ಚು. 2. ಆಮೇಲೆ ಕೆಳಗಿನ ಕರಿ ಪೆಟ್ಟಿಗೆ. ಅದು ಕಿರುಚುತ್ತದೆ, ಅದರ ಸ್ವಭಾವವೇ ಹಾಗೆ. 3. ಆಮೇಲೆ ದುಂಡು ಗುಂಡಿ, ಒಂದೇ ಸಲ. 4. ಕಾಯುವುದು. ಈ ಹೊತ್ತಿನಲ್ಲಿ ಕಾಫಿಗೆ ನೀರಿಡಬಹುದು. 5. ಪರದೆ ಬಂದ ಮೇಲೆ ಮಕ್ಕಳ ಫೋಟೋ ಎಡಗಡೆ ಇದೆ. 6. ಏನಾದರೂ ಗೊತ್ತಾಗದಿದ್ದರೆ ಒತ್ತಬೇಡ. ನನ್ನನ್ನು ಕರೆ.’

ಅಮ್ಮ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಎರಡನೇ ಸಲ ಓದಿದಳು. ‘ಕಾಫಿಗೆ ನೀರು ಯಾರು ಇಡಬೇಕು ಅಂತ ಬರೆದಿಲ್ಲ ನೋಡು’ ಎಂದಳು. ಆಮೇಲೆ, ‘ನನಗೆ ಇದನ್ನು ತೋರಿಸಲೇ ಇಲ್ಲ’ ಎಂದಳು. ತೋರಿಸಲು ಮೊದಲು ಕಂಪ್ಯೂಟರ್ ಹಚ್ಚಬೇಕಲ್ಲ, ಹಚ್ಚುವುದು ಹೇಗೆಂಬುದು ಅದರೊಳಗೇ ಇತ್ತು. ಗಣಿತದ ಮೇಷ್ಟ್ರಿಗೆ ಇದು ಹೊಳೆಯಲಿಲ್ಲವೋ, ಹೊಳೆದ ಮೇಲೆ ಸುಮ್ಮನಾದರೋ.

ಅದನ್ನು ನವಿಲಿನಲ್ಲಿ ಒಂದು ಹಾಳೆಗೆ ಮುದ್ರಿಸಿ ಪೇಟೆಯಿಂದ ತಂದು, ಗೋಡೆಯ ಸ್ವಿಚ್ಚಿನ ಪಕ್ಕ ಅಂಟಿಸಿದೆ. ಮಾರನೆಯ ಬೆಳಿಗ್ಗೆ ನಾನು ಹಾಸಿಗೆಯಿಂದಲೇ ನೋಡುತ್ತಿದ್ದೆ. ಅಮ್ಮ ಹಾಳೆಯ ಮುಂದೆ ನಿಂತು ಗೋಡೆಯ ಸ್ವಿಚ್ಚು ಹಾಕಿದಳು. ಕರಿ ಪೆಟ್ಟಿಗೆ ಕಿರುಚಿತು, ಅವಳು ಹೆದರಲಿಲ್ಲ. ದುಂಡು ಗುಂಡಿಯನ್ನು ಒಂದೇ ಸಲ ಒತ್ತಿದಳು. ನಾಲ್ಕನೆಯ ಸಾಲು ಓದಿ ಒಳಗೆ ಹೋದಳು. ಅವಳು ಪಾತ್ರೆಗೆ ನೀರು ಹಿಡಿಯುವ ಸದ್ದು ನಿಲ್ಲುವಷ್ಟರಲ್ಲಿ ಪರದೆ ಬಂದಾಗಿತ್ತು. ಅಷ್ಟು ಹಗುರ ಮಾಡಿಬಿಟ್ಟಿದ್ದೆ.

ಕೂಗಿ ಹೇಳೋಣವೆಂದುಕೊಂಡೆ. ಹೇಳಲಿಲ್ಲ. ಅಡುಗೆಮನೆಯಲ್ಲಿ ಫಿಲ್ಟರಿನ ಮುಚ್ಚಳದ ಸದ್ದು, ಹೊರಗೆ ಮಳೆ. ಮೂಲೆಯ ಪರದೆಯ ಮೇಲೆ ಇಲಿ ಒಬ್ಬಂಟಿಯಾಗಿ ಕೂತು, ಅಮ್ಮ ಬರುವುದನ್ನೇ ಕಾಯುತ್ತಿತ್ತು.